ಪಿಟ್ಯುಟರಿ ಗಡ್ಡೆಯ ‘ಗ್ರೇಡ್’: ಅಂಕಿ ಹೇಳುವುದೇನು, ಹೇಳದಿರುವುದೇನು?

ಮಾಗಡಿ ರಸ್ತೆಯ ಸುಂಕದಕಟ್ಟೆಯಲ್ಲಿ ವಾಸವಾಗಿರುವ ಕಥೋಲಿಕ ಕುಟುಂಬವೊಂದರ ಗೃಹಿಣಿ ಒಂದು ಭಾನುವಾರ ಬಲಿಪೂಜೆ ಮುಗಿದ ಬಳಿಕ ಪ್ಲಾಸ್ಟಿಕ್ ಚೀಲವೊಂದನ್ನು ಹಿಡಿದು ನಮ್ಮ ಮನೆಗೆ ಬಂದರು. ಚೀಲದಲ್ಲಿದ್ದುದು ಅವರ ಪತಿಯ ಆಸ್ಪತ್ರೆಯ ಫೈಲು. ಪತಿ ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಕೆಲಸಗಾರರು. ಆಕೆ ಹತ್ತಿರದ ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ವಿಭಾಗದಲ್ಲಿದ್ದಾರೆ. ಕುಳಿತವರೇ ಫೈಲಿನ ಒಂದು ಹಾಳೆಯನ್ನು ಮುಂದಿಟ್ಟರು.

“ಅಣ್ಣಾ, ಇದರಲ್ಲಿ ಗ್ರೇಡ್ 3 ಅಂತ ಬರೆದಿದ್ದಾರೆ. ಪಕ್ಕದ ಮನೆಯವರು ನೋಡಿ, ಇದು ಮೂರನೇ ಸ್ಟೇಜು, ಇನ್ನು ದುಡ್ಡು ಸುರಿದು ಪ್ರಯೋಜನವಿಲ್ಲ ಅಂದರು. ನೀವೊಮ್ಮೆ ಓದಿ ಹೇಳಿ. ಊರಲ್ಲಿರೋ ಸೈಟು ಮಾರಿ ಮುಂದುವರಿಸೋದಾ, ಇಲ್ಲಿಗೇ ನಿಲ್ಲಿಸೋದಾ?”

ನಾನು ವೈದ್ಯನಲ್ಲ. ಆದುದರಿಂದ ಓದಿ ಹೇಳುವ ಧೈರ್ಯ ಮಾಡಲಿಲ್ಲ. ಮುಂದಿನ ತಪಾಸಣೆಯ ದಿನ ಅವರೊಂದಿಗೆ ಹೋಗಿ, ತಜ್ಞರ ಎದುರು ಕುಳಿತು, ಅಂಕಿಯ ಅರ್ಥವನ್ನು ಕೇಳಿ ತಿಳಿದುಕೊಂಡೆ. ಬಳಿಕ ಸಿಕ್ಕಷ್ಟನ್ನು ಓದಿದೆ. ಇಂಥದೇ ಹಾಳೆಯನ್ನು ಹಿಡಿದು ಕಂಗೆಟ್ಟಿರುವ ಮನೆಗಳು ಇನ್ನೂ ಇರಬಹುದೆಂಬ ಕಾರಣಕ್ಕೆ ಆ ವಿಷಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಗೃಹಸ್ಥರ ಕೈಕಾಲುಗಳು ಕೆಲವು ವರ್ಷಗಳಿಂದ ನಿಧಾನವಾಗಿ ದಪ್ಪವಾಗುತ್ತ ಬಂದಿದ್ದವು. ಚಪ್ಪಲಿಯ ಅಳತೆ 8ರಿಂದ 10ಕ್ಕೆ ಏರಿತ್ತು. ಮದುವೆಯ ಉಂಗುರ ಬೆರಳಿನಲ್ಲಿ ಸಿಲುಕಿಕೊಂಡು, ಕೊನೆಗೆ ಅಕ್ಕಸಾಲಿಗರ ಬಳಿ ಕತ್ತರಿಸಿ ತೆಗೆಸಬೇಕಾಯಿತು. ದವಡೆ ಮುಂದಕ್ಕೆ ಚಾಚಿತು, ಸಕ್ಕರೆ ಕಾಯಿಲೆ ಅಂಟಿಕೊಂಡಿತು. ದಿನವೂ ಎದುರಿಗೆ ಕಾಣುವ ಮುಖದಲ್ಲಿ ಬದಲಾವಣೆ ಮನೆಯವರಿಗೆ ತಿಳಿಯುವುದೇ ಇಲ್ಲ. ವಯಸ್ಸಿನ ಲಕ್ಷಣವೆಂದೇ ಎಲ್ಲರೂ ಭಾವಿಸಿದ್ದರು. ಒಂದು ಸಂಜೆ ಸ್ಕೂಟರಿನಲ್ಲಿ ಬರುವಾಗ ಪಕ್ಕದಿಂದ ಬಂದ ಆಟೋ ಅವರಿಗೆ ಕಾಣಿಸಲೇ ಇಲ್ಲ. ಪೆಟ್ಟು ಅಲ್ಪವಾಗಿತ್ತು. ಕಣ್ಣಿನ ವೈದ್ಯರು ಪರೀಕ್ಷಿಸಿ, ಎರಡು ಕಣ್ಣುಗಳಲ್ಲೂ ಹೊರಬದಿಯ ನೋಟ ಕುಗ್ಗಿದೆಯೆಂದು ಹೇಳಿ ಎಂ.ಆರ್.ಐ. ಮಾಡಿಸಲು ಕಳುಹಿಸಿದರು. ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಇರುವುದು ಹಾಗೆ ತಿಳಿಯಿತು.

ಪಿಟ್ಯುಟರಿ ಎಂಬುದು ಮಿದುಳಿನ ತಳದಲ್ಲಿ, ಮೂಗಿನ ಬೇರಿನ ಹಿಂದೆ ಇರುವ ಬಟಾಣಿ ಗಾತ್ರದ ಗ್ರಂಥಿ. ತೂಕ ಸುಮಾರು ಅರ್ಧ ಗ್ರಾಂ. ಇಷ್ಟು ಪುಟ್ಟದಾದರೂ ದೇಹದ ಬೆಳವಣಿಗೆ, ಥೈರಾಯ್ಡ್, ಅಡ್ರಿನಲ್, ಸಂತಾನಶಕ್ತಿ, ತಾಯಿಯ ಎದೆಹಾಲು, ಎಲ್ಲವೂ ಇದರ ಅಪ್ಪಣೆಯಂತೆ ನಡೆಯುತ್ತವೆ. ಕುದುರೆಯ ಜೀನಿನ ಆಕಾರದ ಎಲುಬಿನ ಗುಳಿಯೊಂದರಲ್ಲಿ ಅದು ಕುಳಿತಿರುತ್ತದೆ. ಗ್ರಂಥಿಯ ಮೇಲ್ಭಾಗದಲ್ಲಿ ಎರಡು ಕಣ್ಣುಗಳ ದೃಷ್ಟಿನರಗಳು ಪರಸ್ಪರ ಹಾಯುವ ಸ್ಥಳವಿದೆ. ಗಡ್ಡೆ ಮೇಲಕ್ಕೆ ಬೆಳೆದು ಅದನ್ನು ಒತ್ತಿದಾಗ ಮೊದಲು ಕುಗ್ಗುವುದು ಪಕ್ಕದ ನೋಟ. ಗ್ರಂಥಿಯ ಎಡಬಲಗಳಲ್ಲಿ ‘ಕ್ಯಾವರ್ನಸ್ ಸೈನಸ್’ ಎಂಬ ರಕ್ತದ ಮಡುಗಳಿವೆ. ಮಿದುಳಿಗೆ ರಕ್ತವನ್ನೊಯ್ಯುವ ಕೆರೋಟಿಡ್ ಅಪಧಮನಿಯೂ ಕಣ್ಣುಗುಡ್ಡೆಯನ್ನು ಹೊರಳಿಸುವ ನರಗಳೂ ಅದರೊಳಗೇ ಸಾಗುತ್ತವೆ. ನಮ್ಮ ಕಥೆಯ ಗಂಟು ಇರುವುದು ಈ ಮಡುವಿನಲ್ಲಿ.

ಗ್ರಂಥಿಯ ಗಡ್ಡೆ ಬೆಳವಣಿಗೆಯ ಹಾರ್ಮೋನನ್ನು ಅತಿಯಾಗಿ ಸುರಿಸಿದಾಗ ಬರುವ ಕಾಯಿಲೆಗೆ 1886ರಲ್ಲಿ ಪ್ಯಾರಿಸ್ಸಿನ ಪಿಯೆರ್ ಮಾರಿ ಎಂಬ ವೈದ್ಯರು ‘ಆಕ್ರೊಮೆಗಾಲಿ’ ಎಂದು ಹೆಸರಿಟ್ಟರು. ಎಲುಬು ಇನ್ನೂ ಬೆಳೆಯುತ್ತಿರುವ ಬಾಲ್ಯದಲ್ಲಿ ಇದು ಬಂದರೆ ದೈತ್ಯಾಕಾರ, ಬೆಳೆದ ಮೇಲೆ ಬಂದರೆ ಕೈ, ಕಾಲು, ದವಡೆಗಳ ಹಿಗ್ಗುವಿಕೆ. ನಮ್ಮ ಮಕ್ಕಳು ಟಿ.ವಿ.ಯಲ್ಲಿ ಕಂಡ ‘ಗ್ರೇಟ್ ಖಲಿ’ ಎಂಬ ಕುಸ್ತಿಪಟು ದಲೀಪ್ ಸಿಂಗ್ ರಾಣಾ ಅವರಿಗೆ 2012ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಇದೇ ಗಡ್ಡೆಗಾಗಿ ಶಸ್ತ್ರಚಿಕಿತ್ಸೆಯಾಯಿತು. ಪವಿತ್ರ ಬೈಬಲ್ಲಿನ ಗೊಲ್ಯಾತನಿಗೂ ಇಂಥ ಗಡ್ಡೆಯೇ ಇದ್ದಿರಬಹುದೇ, ಪಕ್ಕದ ನೋಟ ಕುಗ್ಗಿದ್ದರಿಂದಲೇ ಚುರುಕಾಗಿ ಓಡಿಬಂದ ದಾವೀದನನ್ನು ಆತ ಸರಿಯಾಗಿ ಕಾಣದೆಹೋದನೇ ಎಂದು ಊಹಿಸಿದ ವೈದ್ಯರೂ ಇದ್ದಾರೆ. ಊಹೆಯೇ ಸರಿ. ಆದರೂ ಒಂದನೆಯ ಸಮುವೇಲನ ಗ್ರಂಥದ ಆ ಅಧ್ಯಾಯವನ್ನು ಮತ್ತೊಮ್ಮೆ ಓದುವಾಗ, ಗುರಾಣಿ ಹೊರುವವನು ಆ ಮಹಾಕಾಯನ ಮುಂದೆ ಮುಂದೆ ನಡೆಯುತ್ತಿದ್ದನೆಂಬ ಮಾತು ಮನಸ್ಸಿನಲ್ಲಿ ನಿಲ್ಲುತ್ತದೆ.

ಈಗ ಆ ಅಂಕಿಯ ವಿಷಯಕ್ಕೆ ಬರೋಣ. ಶ್ವಾಸಕೋಶ, ಸ್ತನ, ಕರುಳುಗಳ ಕ್ಯಾನ್ಸರಿನಲ್ಲಿ ‘ಸ್ಟೇಜ್’ ಎಂದರೆ ರೋಗ ದೇಹದಲ್ಲಿ ಎಷ್ಟು ದೂರ ಹರಡಿದೆ ಎಂಬುದರ ಅಳತೆ. ಪಿಟ್ಯುಟರಿ ಗಡ್ಡೆಗಳಾದರೋ ಬಹುಮಟ್ಟಿಗೆ ದೇಹದ ಬೇರೆಡೆಗೆ ಹರಡುವ ಜಾತಿಯವಲ್ಲ. ಹಾಗೆ ಹರಡುವುದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಇಲ್ಲಿ ‘ಗ್ರೇಡ್’ ಉತ್ತರಿಸುವ ಪ್ರಶ್ನೆ ಬೇರೆ: ಗಡ್ಡೆ ಪಕ್ಕದ ಮಡುವಿನೊಳಗೆ ಎಷ್ಟು ನುಗ್ಗಿದೆ, ಶಸ್ತ್ರವೈದ್ಯರ ಕೈ ಎಷ್ಟನ್ನು ತೆಗೆಯಬಲ್ಲದು? ಒಂದೇ ‘3’ ಎಂಬ ಅಂಕಿ ಎರಡು ಕಾಯಿಲೆಗಳಲ್ಲಿ ಎರಡು ಬೇರೆ ಭಾಷೆಗಳನ್ನು ಆಡುತ್ತದೆ. ಪಕ್ಕದ ಮನೆಯವರು ಸದುದ್ದೇಶದಿಂದಲೇ ಹೇಳಿದ್ದರು. ಆದರೆ ಅವರು ಓದಿದ್ದು ಬೇರೆ ಭಾಷೆಯಲ್ಲಿ.

ಮಿದುಳಿನ ಈ ಮೂಲೆಯನ್ನು ಮೂಗಿನ ದಾರಿಯಿಂದ ತಲುಪಬಹುದೆಂದು 1907ರಲ್ಲಿ ಇನ್ಸ್‌ಬ್ರುಕ್ ನಗರದ ಹರ್ಮನ್ ಷ್ಲೋಫರ್ ತೋರಿಸಿದ್ದರು. 1960ರ ದಶಕದಲ್ಲಿ ಕೆನಡಾದ ಮಾಂಟ್ರಿಯಲ್‌ನ ಜೂಲ್ಸ್ ಹಾರ್ಡಿ ಆ ದಾರಿಗೆ ಸೂಕ್ಷ್ಮದರ್ಶಕವನ್ನು ತಂದರು. ಎಲುಬಿನ ಗುಳಿ ಎಷ್ಟು ಹಿಗ್ಗಿದೆ, ಎಷ್ಟು ಸವೆದಿದೆ ಎಂಬುದನ್ನು ನೋಡಿ ಗಡ್ಡೆಗಳನ್ನು ವಿಂಗಡಿಸುವ ಪದ್ಧತಿಯೂ ಅವರದೇ. ಆ ಕಾಲಕ್ಕೆ ಎಕ್ಸ್-ರೇ ಬಿಟ್ಟರೆ ಹೆಚ್ಚಿನ ಸಾಧನವಿರಲಿಲ್ಲ. ಎಂ.ಆರ್.ಐ. ಬಂದ ಮೇಲೆ ಪಕ್ಕದ ಮಡುವೂ ಕಣ್ಣಿಗೆ ಬಿತ್ತು. 1993ರಲ್ಲಿ ವಿಯೆನ್ನಾದ ನರಶಸ್ತ್ರವೈದ್ಯ ಎಂಗೆಲ್ಬರ್ಟ್ ಕ್ನಾಸ್ಪ್ ಮತ್ತು ಸಂಗಡಿಗರು ಸರಳವಾದ ಒಂದು ಉಪಾಯವನ್ನು ಮುಂದಿಟ್ಟರು.

ನಮ್ಮ ಸುಂಕದಕಟ್ಟೆಯವರಿಗೆ ಇದನ್ನು ತಿಳಿಸುವುದು ಸುಲಭ. ಸರಕಿನ ಗಾಡಿ ದಾಟುವಲ್ಲಿ ಸುಂಕ ಎತ್ತುತ್ತಿದ್ದ ಕಟ್ಟೆ ಎಂಬ ಅರ್ಥ ಊರಿನ ಹೆಸರಿನಲ್ಲೇ ಇದೆ. ಕ್ನಾಸ್ಪ್ ಅವರು ಎಂ.ಆರ್.ಐ. ಚಿತ್ರದ ಮೇಲೆ ಅಂಥ ಮೂರು ಗಡಿಗಳನ್ನು ಎಳೆದರು. ಮುಖಕ್ಕೆ ಎದುರಾಗಿ ನಿಂತು ನೋಡುವಂತೆ ತೆಗೆದ ಚಿತ್ರದಲ್ಲಿ ಕೆರೋಟಿಡ್ ಅಪಧಮನಿ ಒಂದೇ ಪಕ್ಕದಲ್ಲಿ ಮೇಲೊಂದು ಕೆಳಗೊಂದು ದುಂಡು ಚುಕ್ಕೆಗಳಾಗಿ ಕಾಣುತ್ತದೆ. ಆ ಎರಡು ಚುಕ್ಕೆಗಳ ಒಳ ಅಂಚನ್ನು ಮುಟ್ಟುವ ಗೆರೆ ಮೊದಲನೆಯದು, ನಡುಬಿಂದುಗಳನ್ನು ಸೇರಿಸುವ ಗೆರೆ ಎರಡನೆಯದು, ಹೊರ ಅಂಚನ್ನು ಮುಟ್ಟುವುದು ಮೂರನೆಯದು. ಗಡ್ಡೆ ಒಳಗೆರೆಯನ್ನೂ ದಾಟಿಲ್ಲವಾದರೆ ಗ್ರೇಡ್ 0. ಒಳಗೆರೆ ದಾಟಿ ನಡುಗೆರೆಯೊಳಗೆ ನಿಂತರೆ 1. ನಡುಗೆರೆ ದಾಟಿ ಹೊರಗೆರೆಯೊಳಗೆ ನಿಂತರೆ 2. ಹೊರಗೆರೆಯನ್ನೂ ದಾಟಿದರೆ 3. ಅಪಧಮನಿಯನ್ನು ಸುತ್ತಲೂ ಅಪ್ಪಿಹಿಡಿದಿದ್ದರೆ 4.

2015ರಲ್ಲಿ ಅದೇ ವಿಯೆನ್ನಾದ ತಂಡ, ಮೂಗಿನೊಳಗೆ ಎಂಡೋಸ್ಕೋಪ್ ಎಂಬ ದೀಪದ ಕೊಳವೆಯನ್ನಿಳಿಸಿ ಮಡುವಿನ ಗೋಡೆಯನ್ನು ಕಣ್ಣಾರೆ ಕಂಡು, ಚಿತ್ರದ ಗೆರೆಗಳು ಎಷ್ಟು ಸತ್ಯ ಹೇಳುತ್ತವೆಂದು ಒರೆಗೆ ಹಚ್ಚಿತು. ಗ್ರೇಡ್ 1ರಲ್ಲಿ ಗಡ್ಡೆ ನಿಜವಾಗಿಯೂ ಒಳನುಗ್ಗಿದ್ದುದು ಶೇ. 1.5ರಷ್ಟು ರೋಗಿಗಳಲ್ಲಿ. ಗ್ರೇಡ್ 2ರಲ್ಲಿ ಶೇ. 9.9. ಗ್ರೇಡ್ 3ನ್ನು ಅವರು ಎರಡಾಗಿ ಒಡೆದರು. ಅಪಧಮನಿಯ ಮೇಲಿನ ಕೋಣೆಯತ್ತ ಬೆಳೆದದ್ದು 3ಎ, ಕೆಳಗಿನ ಕೋಣೆಯತ್ತ ಬೆಳೆದದ್ದು 3ಬಿ. ಮೊದಲನೆಯದರಲ್ಲಿ ಒಳನುಗ್ಗಿದ್ದುದು ಶೇ. 26.5, ಎರಡನೆಯದರಲ್ಲಿ ಶೇ. 70.6. ಗ್ರೇಡ್ 4ರಲ್ಲಿ ನೂರಕ್ಕೆ ನೂರು. ಒಂದೇ ‘3’ರ ಒಳಗೆ ಇಷ್ಟು ಅಂತರವಿದೆಯೆಂಬುದನ್ನು ಗಮನಿಸಬೇಕು. ಆದುದರಿಂದ ವರದಿಯಲ್ಲಿ ಬರೀ 3 ಎಂದಿದ್ದರೆ ‘ಎ’ಯೋ ‘ಬಿ’ಯೋ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಈ ಗೃಹಸ್ಥರದು 3ಬಿ ಎಂದು ತಜ್ಞರು ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ನಡುವಿನ ಶ್ರೇಣಿಗಳಲ್ಲಿ ಒಂದೇ ಚಿತ್ರವನ್ನು ನೋಡಿದ ಇಬ್ಬರು ತಜ್ಞರ ನಡುವೆ ಒಂದು ಅಂಕಿಯ ವ್ಯತ್ಯಾಸ ಬರುವುದುಂಟೆಂದೂ ಅವರು ಮರೆಮಾಚದೆ ಹೇಳಿದರು. ಆ ಪ್ರಾಮಾಣಿಕತೆ ನನಗೆ ಹಿಡಿಸಿತು.

ಆಕೆಯ ಮನಸ್ಸಿನಲ್ಲಿ ಇನ್ನೊಂದು ಮುಳ್ಳು ಇತ್ತು. ಶಸ್ತ್ರಚಿಕಿತ್ಸೆಯಾದ ಮರುದಿನ ವೈದ್ಯರು “ಸ್ವಲ್ಪ ಭಾಗವನ್ನು ಬಿಟ್ಟಿದ್ದೇವೆ” ಎಂದಿದ್ದರು. ಮನೆಯವರು ಅದನ್ನು ಕೆಲಸ ಅರ್ಧಕ್ಕೆ ಬಿಟ್ಟರೆಂದೇ ಅರ್ಥಮಾಡಿಕೊಂಡಿದ್ದರು. ಬಂಧುಗಳಲ್ಲಿ ಗುಸುಗುಸು ಆಗಿತ್ತು, ದೂರು ಕೊಡುವ ಮಾತೂ ಬಂದಿತ್ತು. ಕೆರೋಟಿಡ್ ಅಪಧಮನಿಗೆ ಅಂಟಿಕೊಂಡ ಗಡ್ಡೆಯನ್ನು ಕೆರೆದು ತೆಗೆಯಹೊರಟು ಆ ನಾಳ ಹರಿದರೆ, ಮೇಜಿನ ಮೇಲೆಯೇ ಪ್ರಾಣ ಹೋಗಬಹುದು ಅಥವಾ ಪಾರ್ಶ್ವವಾಯು ಬಡಿಯಬಹುದು. ಕಣ್ಣುಗುಡ್ಡೆಯ ನರಕ್ಕೆ ಪೆಟ್ಟಾದರೆ ಒಂದು ವಸ್ತು ಎರಡಾಗಿ ಕಾಣುತ್ತದೆ. ಆದುದರಿಂದ 3ಬಿ, 4ರ ಶ್ರೇಣಿಗಳಲ್ಲಿ ದೃಷ್ಟಿನರದ ಮೇಲಿನ ಒತ್ತಡವನ್ನು ಇಳಿಸಿ, ತೆಗೆಯಲಾಗುವಷ್ಟನ್ನು ತೆಗೆದು, ನಾಳದ ಸುತ್ತಲಿನದನ್ನು ಔಷಧಕ್ಕೂ ವಿಕಿರಣಕ್ಕೂ ಉಳಿಸುವುದು ಶಸ್ತ್ರವೈದ್ಯರು ಮೊದಲೇ ಹಾಕಿಕೊಂಡ ಲೆಕ್ಕ. ಈ ಲೆಕ್ಕವನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ, ಕನ್ನಡದಲ್ಲಿ, ಹತ್ತು ನಿಮಿಷ ಕೂರಿಸಿಕೊಂಡು ಹೇಳಿದ್ದರೆ ಆ ಕುಟುಂಬಕ್ಕೆ ಎಷ್ಟೋ ಸಂಕಟ ತಪ್ಪುತ್ತಿತ್ತು. ಸಹಿ ಹಾಕಿಸಿಕೊಳ್ಳುವ ಇಂಗ್ಲಿಷ್ ಹಾಳೆ ಆ ಹತ್ತು ನಿಮಿಷಕ್ಕೆ ಬದಲಿಯಾಗಲಾರದು.

ಫೈಲಿನಲ್ಲಿ ಎರಡನೆಯ ಅಂಕಿಯೊಂದೂ ಇತ್ತು. ಅದನ್ನು ಯಾರೂ ಗಮನಿಸಿರಲಿಲ್ಲ. ತೆಗೆದ ಗಡ್ಡೆಯ ತುಣುಕನ್ನು ಪ್ರಯೋಗಾಲಯದಲ್ಲಿ ನೋಡಿ ಬರೆದ ವರದಿಯಲ್ಲಿ ‘ಕೆಐ-67: 1%’ ಎಂದಿತ್ತು. ಕೆಐ-67 ಎಂಬುದು ವಿಭಜನೆಗೆ ತೊಡಗಿರುವ ಜೀವಕೋಶಗಳಲ್ಲಿ ಕಾಣುವ ಒಂದು ಗುರುತು. ನೂರು ಕೋಶಗಳಲ್ಲಿ ಎಷ್ಟು ಕೋಶಗಳಿಗೆ ಆ ಬಣ್ಣ ಹತ್ತುತ್ತದೆಂಬುದು ಗಡ್ಡೆಯ ಬೆಳವಣಿಗೆಯ ವೇಗವನ್ನು ಸೂಚಿಸುತ್ತದೆ. 2013ರಲ್ಲಿ ಫ್ರಾನ್ಸಿನ ಲಿಯೋನ್ ನಗರದ ಜಾಕ್ಲಿನ್ ತ್ರುಯಾಸ್ ಮತ್ತು ಸಂಗಡಿಗರು, ಶಸ್ತ್ರಚಿಕಿತ್ಸೆಯ ಬಳಿಕ 8 ವರ್ಷಗಳ ಸ್ಥಿತಿಗತಿ ಗೊತ್ತಿದ್ದ 410 ರೋಗಿಗಳ ಗಡ್ಡೆಗಳನ್ನು ಪರಿಶೀಲಿಸಿ, ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳುವ ಶ್ರೇಣಿಯನ್ನು ರೂಪಿಸಿದರು. ಗಡ್ಡೆ ಪಕ್ಕಕ್ಕೆ ನುಗ್ಗಿದೆಯೇ? ಕೋಶಗಳು ವೇಗವಾಗಿ ವಿಭಜಿಸುತ್ತಿವೆಯೇ? ನುಗ್ಗಿಲ್ಲ, ವೇಗವೂ ಇಲ್ಲ ಎಂದರೆ 1ಎ. ನುಗ್ಗಿಲ್ಲ, ವೇಗವಿದೆ ಎಂದರೆ 1ಬಿ. ನುಗ್ಗಿದೆ, ವೇಗವಿಲ್ಲ ಎಂದರೆ 2ಎ. ಎರಡೂ ಇದ್ದರೆ 2ಬಿ. ದೂರಕ್ಕೆ ಹರಡಿದ್ದರೆ ಮಾತ್ರ 3. ವೇಗವನ್ನು ನಿರ್ಣಯಿಸಲು ಕೆಐ-67 ಶೇ. 3 ಅಥವಾ ಹೆಚ್ಚು ಇರುವುದು, ವಿಭಜಿಸುತ್ತಿರುವ ಕೋಶಗಳ ಎಣಿಕೆ, ಪಿ53 ಎಂಬ ಪ್ರೋಟೀನಿನ ಬಣ್ಣ, ಈ ಮೂರರಲ್ಲಿ ಕನಿಷ್ಠ ಎರಡು ಕೂಡಿಬರಬೇಕು.

ಅವರ ಲೆಕ್ಕದಲ್ಲಿ 1ಎ ಗಡ್ಡೆಗೆ ಹೋಲಿಸಿದರೆ, 2ಬಿ ಗಡ್ಡೆಯವರಲ್ಲಿ ರೋಗ ಉಳಿದುಕೊಳ್ಳುವ ಸಂಭವ 25 ಪಟ್ಟು, ಮುಂದೆ ಬೆಳೆಯುವ ಸಂಭವ 12 ಪಟ್ಟು. ನುಗ್ಗದೆ, ವೇಗವೂ ಇಲ್ಲದಿರುವುದಕ್ಕೂ, ನುಗ್ಗಿ ವೇಗವಾಗಿ ಬೆಳೆಯುತ್ತಿರುವುದಕ್ಕೂ ಭವಿಷ್ಯದಲ್ಲಿ ಇಷ್ಟು ವ್ಯತ್ಯಾಸ. ಪೀಣ್ಯದ ಈ ಕಾರ್ಮಿಕರದು ನುಗ್ಗಿದ, ಆದರೆ ನಿಧಾನವಾಗಿ ಬೆಳೆಯುವ ಗಡ್ಡೆ. ಅಂದರೆ 2ಎ. ಗ್ರೇಡ್ 3 ಎಂದು ಹೆದರಿಸಿದ ಅದೇ ಫೈಲಿನಲ್ಲಿ ಕೆಲವು ಹಾಳೆಗಳ ಹಿಂದೆಯೇ ಈ ಸಮಾಧಾನವೂ ಇತ್ತು. ಎರಡು ಪದ್ಧತಿಗಳ ಅಂಕಿಗಳನ್ನು ಬೆರೆಸಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಕ್ನಾಸ್ಪ್ ಅವರ 3 ಪಕ್ಕಕ್ಕೆ ನುಗ್ಗಿರುವುದರ ಸೂಚನೆ, ತ್ರುಯಾಸ್ ಅವರ 3 ದೂರಕ್ಕೆ ಹರಡಿರುವುದರ ಗುರುತು.

ಈ ಶ್ರೇಣಿಗಳ ಬಗ್ಗೆ ತಜ್ಞರಲ್ಲೇ ಏಕಾಭಿಪ್ರಾಯವಿಲ್ಲ ಎಂಬುದನ್ನೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ 2004ರಲ್ಲಿ ‘ಅಸಹಜ ಅಡೆನೋಮ’ ಎಂಬ ವರ್ಗವನ್ನು ಮಾಡಿತ್ತು. ಅದು ರೋಗಿಯ ಮುನ್ನೋಟವನ್ನು ಸರಿಯಾಗಿ ಹೇಳುತ್ತಿಲ್ಲವೆಂದು 2017ರಲ್ಲಿ ಕೈಬಿಟ್ಟಿತು. ಈಗ ಅದು ಒತ್ತುಕೊಡುವುದು ಗಡ್ಡೆ ಯಾವ ಬಗೆಯ ಕೋಶದಿಂದ ಹುಟ್ಟಿತೆಂಬುದಕ್ಕೆ. ಕೆಲವು ಬಗೆಗಳು ಸ್ವಭಾವತಃ ಹಟಮಾರಿಗಳು. 2022ರ ವರ್ಗೀಕರಣದಲ್ಲಿ ‘ಅಡೆನೋಮ’ ಎಂಬ ಹಳೆಯ ಹೆಸರಿನ ಬದಲಿಗೆ ‘ನ್ಯೂರೋಎಂಡೋಕ್ರೈನ್ ಟ್ಯೂಮರ್’ ಎಂಬ ಉದ್ದನೆಯ ಹೆಸರು ಬಂದಿದೆ. ಹೊಸ ವರದಿಯಲ್ಲಿ ಈ ಹೆಸರು ಕಂಡವರು ಕಾಯಿಲೆಯೇ ಬದಲಾಯಿತೆಂದು ಎದೆಗುಂದಬೇಕಾಗಿಲ್ಲ. ಬದಲಾದದ್ದು ಹೆಸರು.

ಯಾವ ಅಂಕಿಯೂ ಹೇಳದ ಸಂಗತಿಗಳು ಇನ್ನೂ ಇವೆ. ಕಾರ್ಟಿಸೋಲ್ ಏರಿಸುವ ‘ಕುಷಿಂಗ್’ ಕಾಯಿಲೆಯ ಗಡ್ಡೆ ಕೆಲವೊಮ್ಮೆ ಚಿತ್ರದಲ್ಲಿ ಕಾಣದಷ್ಟು ಚಿಕ್ಕದು. ಶ್ರೇಣಿಯ ಪ್ರಕಾರ 0. ಆದರೂ ಅದು ದೇಹಕ್ಕೆ ಮಾಡುವ ಹಾನಿ ದೊಡ್ಡದು, ಮರುಕಳಿಸುವುದೂ ಉಂಟು. ಪ್ರೊಲ್ಯಾಕ್ಟಿನ್ ಸುರಿಸುವ ಗಡ್ಡೆಗಾದರೆ ಸಾಮಾನ್ಯವಾಗಿ ಕ್ಯಾಬರ್ಗೋಲಿನ್ ಮಾತ್ರೆಯೇ ಮೊದಲ ಚಿಕಿತ್ಸೆ. ಮುಟ್ಟು ನಿಂತು, ಹಾಲೂಡಿಸದ ಸ್ತ್ರೀಯ ಎದೆಯಲ್ಲಿ ಹಾಲು ಬಂದರೆ ನಾಚಿಕೆಯಿಂದ ಮುಚ್ಚಿಡದೆ ಒಂದು ರಕ್ತಪರೀಕ್ಷೆ ಮಾಡಿಸುವುದು ಕ್ಷೇಮ. ಕುಗ್ಗಿದ ದೃಷ್ಟಿ ಮರಳುವುದು ಒತ್ತಡ ಎಷ್ಟು ಕಾಲದಿಂದ ಇತ್ತೆಂಬುದನ್ನು ಅವಲಂಬಿಸಿದೆ. ಶಸ್ತ್ರವೈದ್ಯರು ಇಂಥ ಎಷ್ಟು ಗಡ್ಡೆಗಳನ್ನು ತೆಗೆದು ಪಳಗಿದ್ದಾರೆಂಬುದೂ ಫಲಿತಾಂಶವನ್ನು ನಿರ್ಧರಿಸುತ್ತದೆ, ಅದು ಯಾವ ವರದಿಯಲ್ಲೂ ಅಚ್ಚಾಗುವುದಿಲ್ಲ.

ಈ ವಿಷಯದಲ್ಲಿ ನಾವು ಭಾಗ್ಯವಂತರು. 1949ರಲ್ಲಿ ಡಾ. ಜೇಕಬ್ ಚಾಂಡಿಯವರು ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ದೇಶದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗವನ್ನು ಆರಂಭಿಸಿದರು. ಬೆಂಗಳೂರಿನಲ್ಲಿ 1974ರ ಡಿಸೆಂಬರ್ 27ರಂದು ಹಳೆಯ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಹುಟ್ಟಿತು. ಅದರ ಮೊದಲ ನಿರ್ದೇಶಕರಾದ ಡಾ. ಆರ್. ಎಂ. ವರ್ಮ ಅವರೇ ನರಶಸ್ತ್ರವೈದ್ಯರಾಗಿದ್ದರು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯ ಆಶ್ರಯದಲ್ಲಿ 1963ರಲ್ಲಿ ಆರಂಭವಾದ ಸಂತ ಜಾನರ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಕೋರಮಂಗಲದಲ್ಲಿದೆ. ಅಲ್ಲಿಯೂ ನರಶಸ್ತ್ರಚಿಕಿತ್ಸೆ ಮತ್ತು ಹಾರ್ಮೋನು ಚಿಕಿತ್ಸೆಯ ವಿಭಾಗಗಳಿವೆ. ಸುಂಕದಕಟ್ಟೆ, ಕಾಮಾಕ್ಷಿಪಾಳ್ಯ, ಹೆಗ್ಗನಹಳ್ಳಿಗಳ ಕಾರ್ಮಿಕ ಕುಟುಂಬಗಳಲ್ಲಿ ಇ.ಎಸ್.ಐ. ಕಾರ್ಡ್ ಇರುವವರು ಮೊದಲು ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಬಿ.ಪಿ.ಎಲ್. ಕಾರ್ಡಿನವರು 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಆಸ್ಪತ್ರೆಯ ಕೌಂಟರಿನಲ್ಲೇ ಕೇಳಬಹುದು. ಸೈಟು ಮಾರುವ ಮಾತು ಅದಾದ ಮೇಲೆ.

ಶಸ್ತ್ರಚಿಕಿತ್ಸೆ ಮುಗಿದು ಮನೆಗೆ ಬಂದವರು ಮೈಮರೆಯುವಂತಿಲ್ಲ. ಮೊದಲ ಒಂದೆರಡು ವಾರಗಳಲ್ಲಿ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಮಂಕು ಕವಿಯಬಹುದು. ಅತಿಯಾದ ಬಾಯಾರಿಕೆಯೂ ಮೂತ್ರವೂ ಆಗಬಹುದು. ಮೂಗಿನಿಂದ ತಿಳಿನೀರು ತೊಟ್ಟಿಕ್ಕಿದರೆ ನೆಗಡಿಯೆಂದು ಸುಮ್ಮನಿರದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಹೈಡ್ರೊಕಾರ್ಟಿಸೋನ್ ಮಾತ್ರೆ ಬರೆದುಕೊಟ್ಟಿದ್ದರೆ, ಮೈ ಚೆನ್ನಾಗಿದೆಯೆಂದು ತಾನಾಗಿ ನಿಲ್ಲಿಸುವುದು ಪ್ರಾಣಾಪಾಯ. ಜ್ವರ ಬಂದಾಗ ಅದನ್ನು ಎಷ್ಟು ಹೆಚ್ಚಿಸಬೇಕೆಂದು ಮೊದಲೇ ಕೇಳಿ ಬರೆಸಿಕೊಂಡಿರಬೇಕು. ಸುಮಾರು ಮೂರು ತಿಂಗಳಿಗೆ ಹೊಸ ಎಂ.ಆರ್.ಐ. ಮತ್ತು ಹಾರ್ಮೋನು ಪರೀಕ್ಷೆ, ಬಳಿಕ ವರ್ಷ ವರ್ಷವೂ ತಪಾಸಣೆ. ಹತ್ತು ವರ್ಷಗಳ ನಂತರ ಮರುಕಳಿಸಿದ ಗಡ್ಡೆಗಳೂ ಇವೆ. ಹಳೆಯ ಫಿಲಂ, ಸಿ.ಡಿ.ಗಳನ್ನು ರದ್ದಿಗೆ ಹಾಕಬಾರದು. ಮುಂದಿನ ಚಿತ್ರವನ್ನು ಹೋಲಿಸುವುದು ಅದರೊಂದಿಗೇ.

ಆ ಗೃಹಸ್ಥರ ಮೂರು ತಿಂಗಳ ವರದಿ ಈಚೆಗೆ ಬಂತು. ಪಕ್ಕದ ನೋಟ ಬಹುಪಾಲು ಮರಳಿದೆ. ಬೆಳವಣಿಗೆಯ ಹಾರ್ಮೋನಿನ ಅಳತೆ ಇಳಿದಿದೆ, ಆದರೆ ಸಹಜ ಮಟ್ಟಕ್ಕೆ ಬಂದಿಲ್ಲ. 3ಬಿಯಲ್ಲಿ ಇದು ನಿರೀಕ್ಷಿತವೆಂದು ವೈದ್ಯರು ಹೇಳಿ, ತಿಂಗಳಿಗೊಂದು ಆಕ್ಟ್ರಿಯೋಟೈಡ್ ಚುಚ್ಚುಮದ್ದು ಆರಂಭಿಸಿದ್ದಾರೆ. ಉಳಿದ ಭಾಗಕ್ಕೆ ಗಾಮಾ ನೈಫ್ ವಿಕಿರಣ ಬೇಕೇ ಎಂಬುದನ್ನು ಮುಂದಿನ ಚಿತ್ರ ನೋಡಿ ತೀರ್ಮಾನಿಸುವರಂತೆ. ಸೈಟು ಹಾಗೆಯೇ ಇದೆ. ಕಳೆದ ವಾರ ಆಕೆ ಮತ್ತೆ ಬಂದಿದ್ದರು, ಈ ಸಲ ಚೀಲವಿಲ್ಲದೆ. ಕತ್ತರಿಸಿದ ಉಂಗುರವನ್ನು ಬೆಸೆಸಬೇಕೆಂದಿದ್ದಾರೆ. ಬೆರಳಿನ ಊತ ಇನ್ನೆಷ್ಟು ಇಳಿಯುವುದೋ, ಅಕ್ಕಸಾಲಿಗರಿಗೆ ಈಗಲೇ ಅಳತೆ ಕೊಡುವುದೋ, ಚುಚ್ಚುಮದ್ದು ಆರು ತಿಂಗಳು ಮುಗಿಯಲೆಂದು ಕಾಯುವುದೋ ಎಂದು ಕೇಳಿದರು. ವೈದ್ಯರನ್ನೇ ಕೇಳಿ ಹೇಳುತ್ತೇನೆಂದಿದ್ದೇನೆ.